ಮಿಯಾಪುರದ ಬಾಗಿಲಲ್ಲಿ ನಾವು ಮೂವರು

ಹೆಮ್ಮೆ ಒಳ್ಳೆಯದಲ್ಲ ಎಂದು ನಮ್ಮ ಸಭೆಯಲ್ಲಿ ಆಗಾಗ ಪ್ರಸಂಗವಾಗುತ್ತದೆ. ನಾನು ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸುತ್ತಾ ಕೇಳುತ್ತೇನೆ. ಕೇಳಿಸಿಕೊಂಡು ಮನೆಗೆ ಬಂದ ಮೇಲೂ, ಸಭೆಯ ಭೇಟಿ ತಂಡದ ಮೂವರಲ್ಲಿ ನಾನೂ ಒಬ್ಬಳು ಎಂಬ ಹೆಮ್ಮೆ ನನ್ನಲ್ಲಿ ಒಂದು ಚೂರೂ ಕಡಿಮೆಯಾಗಿರುವುದಿಲ್ಲ. ಪಾಸ್ಟರ್ ಬೇಕಾದರೆ ಇನ್ನೊಂದು ಪ್ರಸಂಗ ಮಾಡಲಿ, ಅದನ್ನೂ ಕೇಳುತ್ತೇನೆ.

ನಮ್ಮದು ಹೈದರಾಬಾದಿನ ಸಣ್ಣದೊಂದು ಕನ್ನಡ ಕ್ರೈಸ್ತ ಸಭೆ. ಸ್ವಂತ ಕಟ್ಟಡವಿಲ್ಲ. ತೆಲುಗಿನವರ ಚರ್ಚಿನಲ್ಲಿ ಭಾನುವಾರ ಅವರ ಆರಾಧನೆ ಮುಗಿದ ಮೇಲೆ, ಅವರ ಮಕ್ಕಳು ಉದುರಿಸಿದ ಬಿಸ್ಕತ್ತಿನ ಪುಡಿ ಗುಡಿಸಿ, ಮಧ್ಯಾಹ್ನದ ಹೊತ್ತಿಗೆ ನಾವು ಸೇರುತ್ತೇವೆ. ಹೆಚ್ಚಿನವರು ಬೀದರ್, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಆಫೀಸಿನಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಮನೆಯಲ್ಲಿ ಮೂರೂ ಸೇರಿದ ಕಲಬೆರಕೆ. ದೇವರ ಹತ್ತಿರ ಮಾತ್ರ ನಮಗೆ ಕನ್ನಡವೇ ಆಗಬೇಕು. ನಾನು ಕೆಲಸ ಮಾಡುವ ನಾರಾಯಣಗೂಡದ ಕಾಲೇಜಿನಲ್ಲಿ ರಾಯಚೂರಿನ ಕಡೆಯವರೊಬ್ಬರಿದ್ದಾರೆ. ಪರಿಚಯವಾದ ಹೊಸದರಲ್ಲಿ ಅವರು, "ಕನ್ನಡದವರಾಗಿ ನೀವು ಕ್ರಿಶ್ಚಿಯನ್ ಹ್ಯಾಂಗ್ರಿ?" ಎಂದು ಕೇಳಿದರು. "ಕನ್ನಡದವರಾಗಿ ನೀವು ಹೈದರಾಬಾದಿ ಹ್ಯಾಂಗ್ರಿ? ಹಂಗ," ಎಂದೆ. ಅಂದಿನಿಂದ ನಾವು ಡಬ್ಬಿ ಹಂಚಿಕೊಂಡೇ ಊಟ ಮಾಡುತ್ತೇವೆ.

ಆ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಲ್ಯಾಬಿನ ಸಹಾಯಕಿ. ಸಭೆಯವರಿಗೆ ಅದೆಲ್ಲ ಬೇಕಿಲ್ಲ, ಕಾಲೇಜು ಎಂದ ಮೇಲೆ ನಾನು ಎಲ್ಲರಿಗೂ ಟೀಚರಮ್ಮ. ನನ್ನ ಬಾಯಿಯೂ ಟೀಚರಮ್ಮನ ಬಾಯಿಯೇ. ಬೀಕರ್ ಒಡೆದ ಹುಡುಗರನ್ನು ಬೈದು ಬೈದು, ಚರ್ಚಿನಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟವರನ್ನೂ ಅದೇ ಧಾಟಿಯಲ್ಲಿ ಬೈಯುತ್ತೇನೆ.

ಸಭೆಯಲ್ಲಿ ಒಂದು ಭೇಟಿ ತಂಡವಿದೆ. ಕಾಯಿಲೆ ಬಿದ್ದವರು, ಸಾವಾದ ಮನೆಯವರು, ಬಾಣಂತಿಯರು, ಸುಮ್ಮನೆ ಸಭೆಗೆ ಬರುವುದನ್ನು ಬಿಟ್ಟವರು, ಇವರ ಮನೆಗಳಿಗೆ ಹೋಗಿ ಒಂದು ಹಾಡು ಹಾಡಿ, ಬೈಬಲ್ಲಿನ ವಾಕ್ಯ ಓದಿ, ಪ್ರಾರ್ಥನೆ ಮಾಡಿ ಬರುವುದು ಅದರ ಕೆಲಸ. ತಂಡ ಎಂದರೆ ನಾವು ಮೂವರು. ಮುಖ್ಯಸ್ಥೆ, ಸಭೆಯವರೆಲ್ಲ ಅಕ್ಕ ಎಂದು ಕರೆಯುವವರು. ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಯಾರ ಮನೆಗೆ ಹೋದರೂ ಮೊದಲು ಕೈ ತೊಳೆಯಲು ನೀರು ಎಲ್ಲಿದೆ ಎಂದು ಕೇಳುತ್ತಾರೆ, ಆಮೇಲೆಯೇ ನಮಸ್ಕಾರ. ಎರಡನೆಯವರು, ಹಾಗೆಯೇ ಎಲ್ಲರಿಗೂ ಅಣ್ಣ. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಸ್ನಾನ ಮಾಡಿ ಬಂದರೂ ಅವರ ಅಂಗಿಗೆ ಕಾರ್ಖಾನೆಯ ಕಹಿ ವಾಸನೆ ಅಂಟಿಕೊಂಡಿರುತ್ತದೆ. ಹಾರ್ಮೋನಿಯಂ ಅವರದೇ, ಹಾಡೂ ಅವರದೇ, ಪ್ರಾರ್ಥನೆಯೂ ಅವರದೇ. ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರೆಂದರೆ, ಕುಕ್ಕರ್ ಇಟ್ಟು ಬಂದ ಹೆಂಗಸರು ಎದ್ದು ಹೋಗಿ ಗ್ಯಾಸ್ ಆರಿಸಿ ಬರುತ್ತಾರೆ. ದನಿಯೋ, ಮೇಲಿನ ಮಹಡಿಯವರಿಗೂ ಪುಕ್ಕಟೆ ಆಶೀರ್ವಾದ.

ಮೂರನೆಯವಳು ನಾನು. ವಾಕ್ಯ ಓದುವವಳು, ಆಸ್ಪತ್ರೆಯ ವಾಚ್‌ಮನ್ನರ ಜೊತೆ ತೆಲುಗಿನಲ್ಲಿ ಜಗಳಾಡಿ ಒಳಗೆ ಬಿಡಿಸಿಕೊಳ್ಳುವವಳು. ಈ ಎರಡನೆಯದರಲ್ಲಿ ನನ್ನನ್ನು ಮೀರಿಸುವವರು ಸಭೆಯಲ್ಲಿ ಇನ್ನೂ ಹುಟ್ಟಿಲ್ಲ.

ಅಕ್ಕ ನಮಗೆ ಕೆಲವು ಪದ್ಧತಿಗಳನ್ನು ಹಾಕಿಕೊಟ್ಟಿದ್ದರು. ಒಬ್ಬರು ಮಾತಾಡುವಾಗ ಉಳಿದ ಇಬ್ಬರು ಕಾಯಿಲೆಯವರ ಮುಖ ನೋಡುತ್ತಿರಬೇಕು. ಅವರಿಗೆ ದಣಿವಾದಂತೆ ಕಂಡರೆ, ಕಣ್ಣು ಮುಚ್ಚಿಕೊಂಡ ಅಣ್ಣನಿಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಮೆಲ್ಲಗೆ ಅಂಗಿಯ ತುದಿ ಎಳೆಯಬೇಕು. ಎಳೆದ ಕೂಡಲೇ ಅಣ್ಣ "ಆಮೆನ್" ಎಂದುಬಿಡುತ್ತಿದ್ದರು. ಯಾಕೆ ಎಳೆದಿರಿ, ಇನ್ನೂ ಇತ್ತಲ್ಲ ಎಂದು ಒಂದು ದಿನವೂ ಕೇಳಿದವರಲ್ಲ. ಅವರ ಉದ್ದುದ್ದ ಪ್ರಾರ್ಥನೆಗೆ ನಾನು ಎಷ್ಟೇ ಗೊಣಗಿದರೂ, ಈ ಒಂದು ಗುಣಕ್ಕೆ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ತನ್ನ ಮಾತನ್ನು ಇನ್ನೊಬ್ಬರು ನಿಲ್ಲಿಸಿದಾಗ ಮುಖ ಗಂಟಿಕ್ಕದೆ ನಿಲ್ಲಿಸುವ ಗಂಡಸರನ್ನು ನಾನು ಬಹಳ ಮಂದಿ ನೋಡಿಲ್ಲ.

ಇನ್ನೊಂದು ಪದ್ಧತಿ ಇತ್ತು. ಒಬ್ಬರಿಗೆ ಹೇಳಿದ್ದು ತಂಡದ ಮೂವರಿಗೂ ಹೇಳಿದಂತೆ. ಮೂವರೂ ಅದಕ್ಕಾಗಿ ಪ್ರಾರ್ಥಿಸಬೇಕು, ಮೂವರೂ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ಯಾರಾದರೂ ಡ್ಯೂಟಿಯ ಮೇಲಿದ್ದು ಬರಲಾಗದಿದ್ದರೆ ಅಕ್ಕ ಫೋನ್ ಮಾಡಿ ವಿಷಯ ತಿಳಿಸುತ್ತಿದ್ದರು. ಸಭೆಯ ಮುಂದೆ ಹೇಳಬಾರದ ಮಾತಾಗಿದ್ದರೆ, "ಇದು ನಮ್ಮೊಳಗ ಇರಲಿ" ಎಂದು ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು. ಅಷ್ಟು ಹೇಳಿದರೆ ಅಣ್ಣನ ಬಾಯಿಗೆ ಬೀಗ ಬಿದ್ದಂತೆ.

ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಬೀದರ್ ಕಡೆಯ ಒಂದು ಕುಟುಂಬವಿತ್ತು. ಗಂಡ ಖಾಸಗಿ ಕಂಪನಿಯಲ್ಲಿ ಅಕೌಂಟೆಂಟ್, ಮೆದು ಸ್ವಭಾವದವರು. ಒಬ್ಬಳೇ ಮಗಳು, ಡಾಕ್ಟರ್ ಆಗಬೇಕೆಂದು ನಾರಾಯಣಗೂಡದ ಕೋಚಿಂಗಿಗೆ ಬರುತ್ತಿದ್ದಳು. ನನ್ನ ಕಾಲೇಜಿನ ಹಿಂದಿನ ಬೀದಿಯಲ್ಲೇ ಆ ಕೋಚಿಂಗ್, ಹಾಗಾಗಿ ಕಂಡಾಗಲೆಲ್ಲ "ಆಂಟಿ" ಎಂದು ಓಡಿ ಬರುತ್ತಿದ್ದಳು. ತಾಯಿ ನನಗಿಂತ ಚಿಕ್ಕವಳು, ಹಠದ ಹೆಂಗಸು, ಮಾತು ಕಮ್ಮಿ. ಒಂದು ಸಂಜೆ ಅಕ್ಕನಿಗೆ ಫೋನ್ ಮಾಡಿ ಮನೆಗೆ ಬರಬೇಕೆಂದು ಕೇಳಿಕೊಂಡಳು. ಅಣ್ಣನಿಗೆ ಶಿಫ್ಟ್ ಇತ್ತು. ನಾವಿಬ್ಬರೇ ಮೆಟ್ರೋ ಹತ್ತಿ ಹೋದೆವು.

ಆಕೆ ನಮ್ಮನ್ನು ಹಾಲ್‌ನಲ್ಲಿ ಕೂರಿಸದೆ ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋಗಿ ಮಿಕ್ಸರ್ ಹಾಕಿದಳು. ಜಾರಿನಲ್ಲಿ ಏನೂ ಇರಲಿಲ್ಲ. ಆ ಗದ್ದಲದಲ್ಲಿ ಅಕ್ಕನ ಕಿವಿಯ ಹತ್ತಿರ ಬಂದು, "ಅಕ್ಕಾರ, ಎದಿಯೊಳಗ ಒಂದು ಗಡ್ಡಿ ಕೈಗೆ ಸಿಗಾಕತ್ತೈತಿ" ಎಂದಳು. ಪಕ್ಕದ ಕೋಣೆಯಲ್ಲಿ ಮಗಳು ಓದುತ್ತಿದ್ದಳು. ಅಕ್ಕ ಕೈ ತೊಳೆದುಕೊಂಡು ಬಂದು ಮುಟ್ಟಿ ನೋಡಿದರು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ನರ್ಸುಗಳ ಮುಖ ಓದುವುದು ನನಗೆ ಇವತ್ತಿಗೂ ಬರುವುದಿಲ್ಲ.

ಮುಂದಿನ ವಾರವೆಲ್ಲ ಅಕ್ಕ ಆಕೆಯ ಜೊತೆ ಆಸ್ಪತ್ರೆಗೆ ಓಡಾಡಿದರು. ಪರೀಕ್ಷೆಗಳಾದವು. ಹೆದರಿದ್ದಂತೆ ಕ್ಯಾನ್ಸರೇ, ಆದರೆ ಬೇಗ ಗೊತ್ತಾಗಿದೆ, ತಡ ಮಾಡದೆ ಆಪರೇಷನ್ ಮಾಡಿಸಿ ಎಂದರು ಡಾಕ್ಟರ್. ಆಕೆ ಒಪ್ಪಲಿಲ್ಲ. ಮಗಳ ಎಂಟ್ರೆನ್ಸ್ ಹತ್ತಿರ ಬಂದಿದೆ, ಅವಳಿಗೆ ಗೊತ್ತಾದರೆ ಪುಸ್ತಕ ಮುಟ್ಟುವುದಿಲ್ಲ, ಅದು ಮುಗಿಯುವವರೆಗೆ ತಾನು ಎಲ್ಲಿಗೂ ಬರುವುದಿಲ್ಲ ಎಂದು ಪಟ್ಟು ಹಿಡಿದಳು. ಗಡ್ಡೆಗೆ ನಿನ್ನ ಮಗಳ ಎಂಟ್ರೆನ್ಸ್ ಗೊತ್ತಿದೆಯೇ ಎಂದು ನಾನು ರೇಗಿದೆ, ಅದರಿಂದ ಏನೂ ಆಗಲಿಲ್ಲ. ಅಕ್ಕ ಮಾತ್ರ ದಿನವೂ ಹೋಗಿ, ಎದುರು ಕೂತು, ಸಮಾಧಾನದಿಂದ ಹೇಳಿ ಹೇಳಿ ಒಪ್ಪಿಸಿದರು. ಒಂದು ಸೋಮವಾರಕ್ಕೆ ಆಪರೇಷನ್ ನಿಗದಿಯಾಯಿತು. ತವರಿಗೆ, ಬೀದರಿಗೆ ಹೋಗುತ್ತೇನೆಂದು ಮಗಳಿಗೆ ಹೇಳುವುದು. ವಾರ್ಡಿನಲ್ಲಿ ಅಕ್ಕ ಜೊತೆಗಿರುವುದು. ಈ ಎರಡು ಷರತ್ತಿನ ಮೇಲೆ ಆಕೆ ಹೂಂ ಎಂದಳು.

"ನಿಮ್ಮ ಕೈ ಹಿಡಕೊಂಡ ಒಳಗ ಹೋಗ್ತೀನ್ರಿ ಅಕ್ಕಾರ. ನೀವು ಇಲ್ಲಂದ್ರ ನಾ ಬರಾಂಗಿಲ್ಲ," ಎಂದಳು.

ಅಕ್ಕ ಪದ್ಧತಿಯಂತೆ ಅಣ್ಣನಿಗೆ ಫೋನ್ ಮಾಡಿ ಗಡ್ಡೆಯ ವಿಷಯ, ಆಪರೇಷನ್ನಿನ ವಿಷಯ ಎಲ್ಲ ಹೇಳಿ, ಪ್ರಾರ್ಥನೆಯಲ್ಲಿ ನೆನಪಿಡಿ ಎಂದರು. ಕೊನೆಯ ಆ ಒಂದು ಮಾತು, "ಇದು ನಮ್ಮೊಳಗ ಇರಲಿ" ಎನ್ನುವುದು, ಆ ದಿನ ಬಿಟ್ಟುಹೋಯಿತು. ಅತ್ತ ಯಾರೋ ಬಾಗಿಲು ತಟ್ಟಿದರಂತೆ, ಇತ್ತ ಫೋನ್ ಇಟ್ಟರಂತೆ. ಮಗಳಿಗೆ ಗೊತ್ತಿಲ್ಲ ಎಂಬುದು ಅಣ್ಣನಿಗೆ ತಿಳಿಯಲೇ ಇಲ್ಲ.

ಆಪರೇಷನ್ನಿನ ಹಿಂದಿನ ವಾರದ ಭಾನುವಾರ ತಾಯಿ ಮಗಳು ಇಬ್ಬರೂ ಆರಾಧನೆಗೆ ಬಂದಿದ್ದರು. ಆರಾಧನೆಯ ನಡುವೆ ಸಭೆಯವರ ಕಷ್ಟಗಳಿಗಾಗಿ ಒಬ್ಬರು ಎದುರು ನಿಂತು ಗಟ್ಟಿಯಾಗಿ ಪ್ರಾರ್ಥಿಸುವುದು ನಮ್ಮಲ್ಲಿ ವಾಡಿಕೆ. ಆ ದಿನ ಸರದಿ ಅಣ್ಣನದು. ಅಣ್ಣ ಯಾವಾಗಲೂ ಪುಸ್ತಕದ ಕನ್ನಡದಲ್ಲಿ ಶುರು ಮಾಡುತ್ತಾರೆ. ಮನಸ್ಸು ತುಂಬಿ ಬಂದಂತೆ ಮನೆಯ ಕನ್ನಡಕ್ಕೆ ಇಳಿಯುತ್ತಾರೆ. ದೇಶ, ರಾಜ್ಯ, ಮಳೆ ಬೆಳೆ ಎಲ್ಲ ಮುಗಿಸಿ, ದನಿ ನಡುಗಿಸುತ್ತಾ ಮನೆಯ ಕನ್ನಡಕ್ಕೆ ಇಳಿದರು.

"ತಂದೀ, ಮಿಯಾಪುರದ ನಮ್ಮ ತಂಗೀನ ನಿನ್ನ ಕೈಯಾಗ ಕೊಡಾಕತ್ತೀನಿ. ಆಕಿ ಎದಿಯೊಳಗಿನ ಗಡ್ಡಿ ನಿನಗ ಕಾಣತೈತಿ..."

ನಾನು ಕಣ್ಣು ಬಿಟ್ಟೆ. ಅಂಗಿ ಎಳೆಯಲು ಅವರು ಕೈಗೆ ಸಿಗುವಷ್ಟು ಹತ್ತಿರವಿರಲಿಲ್ಲ, ಎದುರುಗಡೆ ಮೈಕಿನ ಹತ್ತಿರ ನಿಂತಿದ್ದರು. ನನ್ನ ಸಾಲಿನ ತುದಿಯಲ್ಲಿ ಅಕ್ಕ ಎದ್ದು ನಿಂತಾಗಿತ್ತು.

"...ನಾಳಿ ಬಿಟ್ಟು ಬರೋ ಸೋಮವಾರ ಆಪರೇಷನ್ ಐತಿ ತಂದೀ. ಡಾಕ್ಟರ ಕೈಯಾಗ ನಿನ್ನ ಕೈ ಇಡು. ಆ ಕೂಸಿಗೆ ಆಕಿ ತಾಯಿನ್ನ ಉಳಿಸಿಕೊಡು!"

ಅಷ್ಟರಲ್ಲಿ ಅಕ್ಕ ಎದುರು ಹೋಗಿ ಅವರ ತೋಳು ಹಿಡಿದರು. ಅಣ್ಣ ಆಮೆನ್ ಎಂದರು. ಸಭೆಯೆಲ್ಲ ಆಮೆನ್ ಎಂದಿತು. ಮಗಳು ತಾಯಿಯ ಕಡೆ ತಿರುಗಿ "ಮಮ್ಮೀ?" ಎಂದಳು, ಅಷ್ಟೇ. ತಾಯಿ ಎದ್ದು, ಮಗಳ ಕೈ ಹಿಡಿದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಆಕೆಯ ಸೀರೆಯ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿತು, ಅದನ್ನು ಬಿಡಿಸಿಕೊಳ್ಳುವವರೆಗೂ ಇಡೀ ಸಭೆ ನೋಡುತ್ತಾ ನಿಂತಿತ್ತು.

ಆರಾಧನೆ ಮುಗಿದ ಮೇಲೆ ಅಣ್ಣನಿಗೆ ವಿಷಯ ತಿಳಿಯಿತು. ಅವರು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಇನ್ನು ತಾನು ತಂಡದಲ್ಲಿ ಇರುವುದಿಲ್ಲ, ಯಾರ ಮನೆಗೂ ಬರುವುದಿಲ್ಲ ಎಂದರು. ನಾನು ಬೇಡ ಎನ್ನಲಿಲ್ಲ. ನನಗೆ ಅಷ್ಟು ಸಿಟ್ಟು ಬಂದಿತ್ತು. ಪಕ್ಕದಲ್ಲಿ ಒಬ್ಬರು ಹಿರಿಯರು, "ಎಲ್ಲಾ ದೇವರ ಚಿತ್ತ, ಇದರಾಗೂ ಏನೋ ಒಳ್ಳೇದು ಇರತೈತಿ ಬಿಡ್ರಿ" ಎಂದರು. "ನಮ್ಮ ತಪ್ಪು ದೇವರ ತಲಿಗೆ ಕಟ್ಟಬ್ಯಾಡ್ರಿ. ಅದೇನು ಆತ ಮಾಡಿದ್ದಲ್ಲ," ಎಂದು ಅವರನ್ನೂ ತರಾಟೆಗೆ ತೆಗೆದುಕೊಂಡೆ.

ಮರುದಿನ ಆಕೆಯ ಗಂಡ ಅಕ್ಕನಿಗೆ ಫೋನ್ ಮಾಡಿದರು. ಆಪರೇಷನ್ ಬೇಡ ಎನ್ನುತ್ತಿದ್ದಾಳೆ. ಮಗಳು ಅಳುತ್ತಾ, ನನಗಾಗಿ ಯಾಕೆ ಮುಚ್ಚಿಟ್ಟೆ, ನಾಳೆಯೇ ಹೋಗೋಣ ನಡಿ ಎಂದರೂ ಕೇಳುತ್ತಿಲ್ಲ. ನಂಬಿ ಹೇಳಿದ ಒಂದು ಮಾತನ್ನು ಉಳಿಸಿಕೊಳ್ಳಲಾರದವರು ನನ್ನ ಕೈ ಹಿಡಿದುಕೊಂಡು ಏನು ಮಾಡುತ್ತಾರೆ, ಯಾರೂ ಬರುವುದು ಬೇಡ, ಎಂಟ್ರೆನ್ಸ್ ಆಗುವವರೆಗೆ ನಾನು ಈ ಮನೆ ಬಿಟ್ಟು ಕದಲುವುದಿಲ್ಲ, ಎಂದಳಂತೆ. ಆಪರೇಷನ್ನಿನ ಸೋಮವಾರಕ್ಕೆ ಇನ್ನು ಒಂದೇ ವಾರ ಉಳಿದಿತ್ತು. ಆ ದಿನ ತಪ್ಪಿದರೆ ಮತ್ತೆ ಯಾವಾಗ ಒಪ್ಪುತ್ತಾಳೋ, ಒಳಗಿನ ಗಡ್ಡೆ ಕಾಯುತ್ತದೆಯೇ?

ಪಾಸ್ಟರ್ ಅಣ್ಣನನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿಸಿ ಬರುತ್ತೇನೆ ಎಂದರು. ಅಕ್ಕ ಒಪ್ಪಲಿಲ್ಲ. ತಂಡ ಹೋಗುತ್ತದೆ, ಮೂವರೂ ಹೋಗುತ್ತೇವೆ ಎಂದರು.

"ನಾ ಯಾಕ ಬರಬೇಕು? ನಾ ಏನ ಮಾಡೀನಿ?" ಎಂದೆ ನಾನು.

"ಏನೂ ಮಾಡಿಲ್ಲ."

"ಮತ್ತ?"

"ಆ ಮನಿಯಾಗ ಹಾಡು ಛಲೋ ಆದಾಗ ಮೂರೂ ಮಂದಿ ಕೂಡಿ ಚಹಾ ಕುಡದೇವಿಲ್ಲೋ? ಈಗ ಬೈಸಿಕೊಳ್ಳಾಕೂ ಮೂರೂ ಮಂದಿ ನಡೀರಿ."

ಗೊಣಗುತ್ತಲೇ ಹೊರಟೆ. ಮಿಯಾಪುರ ಮೆಟ್ರೋ ನಿಲ್ದಾಣದ ಕೆಳಗೆ ಮಿರ್ಚಿ ಬಜ್ಜಿಯ ಬಂಡಿಯ ಪಕ್ಕ ಅಣ್ಣ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಾರ್ಮೋನಿಯಂ ಇಲ್ಲದ ಖಾಲಿ ಕೈ. ಮುಖ ಎರಡೇ ದಿನಕ್ಕೆ ಇಳಿದುಹೋಗಿತ್ತು. ನಾನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದ ಬೈಗುಳ ಎಲ್ಲೋ ಹೋಯಿತು. "ಊಟಾ ಮಾಡೀರೇನ್ರಿ?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

ಬೆಲ್ ಮಾಡಿದಾಗ ಆಕೆಯೇ ಬಂದಳು. ಮರದ ಬಾಗಿಲು ತೆರೆದಳು, ಹೊರಗಿನ ಜಾಲರಿ ಬಾಗಿಲು ತೆರೆಯಲಿಲ್ಲ. ಜಾಲರಿಯ ಆ ಕಡೆ ಆಕೆ, ಈ ಕಡೆ ನಾವು ಮೂವರು. ಅಣ್ಣ ಕೈ ಮುಗಿದು, "ತಂಗೀ, ನನ್ನಿಂದ ಭಾಳ ದೊಡ್ಡ ತಪ್ಪಾತು" ಎಂದರು. ಆಕೆ ಅವರನ್ನು ನೋಡಿದ್ದು ಒಂದೇ ಸಲ.

"ಅಣ್ಣಾರ, ನಾ ನಿಮಗ ಹೇಳಿದ್ದಿಲ್ಲ. ನಾ ಹೇಳಿದ್ದು ಇವರಿಬ್ಬರಿಗೆ. ನಿಮಗ ಯಾರು ಹೇಳಿದ್ರು?"

ಅಣ್ಣ ತಲೆ ತಗ್ಗಿಸಿ ಮುಗಿದ ಕೈಯನ್ನೇ ನೋಡಿದರು. ಆಕೆ ನನ್ನ ಕಡೆ ತಿರುಗಿದಳು.

"ಟೀಚರಮ್ಮಾರ, ನೀವ ಹೇಳ್ರಿ. ಇವರಿಗೆ ಯಾರು ಹೇಳಿದ್ರು?"

ಆ ಕಣ್ಣುಗಳಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಸಭೆಯಲ್ಲಿ ಯಾರನ್ನು ಕೇಳಿದರೂ, ಇಂಥ ಮಾತು ಹೊರಬಿದ್ದಿದ್ದರೆ ಅದು ಟೀಚರಮ್ಮನ ಬಾಯಿಂದಲೇ ಎನ್ನುತ್ತಿದ್ದರು. ನಾನೋ, ನನ್ನ ಗಂಡನಿಗೂ ಹೇಳಿರಲಿಲ್ಲ. ಹೇಳಬೇಕೆಂದು ನಾಲಿಗೆ ತುರಿಸಿದಾಗಲೂ ಹೇಳಿರಲಿಲ್ಲ. "ನಾನಲ್ಲ" ಎನ್ನುವುದು ನನ್ನ ಹಕ್ಕು, ಅದು ನಿಜ ಕೂಡ. ಆದರೆ ನಾನಲ್ಲ ಎಂದರೆ ಉಳಿದವರು ಒಬ್ಬರೇ. ಪಕ್ಕದಲ್ಲಿ ಅಕ್ಕ ಉಸಿರೆಳೆದುಕೊಂಡು ಬಾಯಿ ತೆರೆಯುವುದು ನನಗೆ ಕೇಳಿಸಿತು. ಸೋಮವಾರ ಆಕೆ ಹಿಡಿದುಕೊಂಡು ಒಳಗೆ ಹೋಗಬೇಕಾದ ಕೈ ಅಕ್ಕನದು. ಆ ಕೈಯೂ ಸುಳ್ಳಾದರೆ ಆಕೆಗೆ ಇನ್ನೇನು ಉಳಿಯಿತು?

"ನಾವು ಹೇಳಿದ್ವಿ," ಎಂದೆ.

"ನಾವು ಅಂದ್ರ ಯಾರ್ರಿ?"

"ನಾವು ಅಂದ್ರ ನಾವ. ಮೂರೂ ಮಂದಿ. ನಿಮ್ಮ ಮಾತು ನಮ್ಮ ಕಡಿಂದ ಹೊರಗ ಹೋಗೈತಿ. ಹೋಗಬಾರದಿತ್ತು. ತಪ್ಪಾತು."

ಅಕ್ಕ "ತಂಗೀ, ಅದು..." ಎಂದು ಶುರು ಮಾಡಿದರು. ನಾನು ಅವರ ಸೆರಗಿನ ತುದಿ ಎಳೆದೆ. ಜೋರಾಗಿಯೇ ಎಳೆದೆ. ಅವರು ಮಾತು ನಿಲ್ಲಿಸಿದರು.

ಪಕ್ಕದ ಫ್ಲ್ಯಾಟಿನವರು ಕಸದ ಬುಟ್ಟಿ ಇಡಲು ಬಂದು, ನಮ್ಮನ್ನು ಚಂದಾ ಕೇಳಲು ಬಂದವರೆಂದುಕೊಂಡು ಬಾಗಿಲು ಹಾಕಿಕೊಂಡರು. ಆಕೆ ನನ್ನನ್ನೇ ನೋಡುತ್ತಿದ್ದಳು. ಒಳಗಿನಿಂದ ಮಗಳು, "ಮಮ್ಮೀ, ಲೋಪಲಿಕಿ ರಮ್ಮನು" ಎಂದಳು, ಒಳಗೆ ಬರಹೇಳು ಎಂದು. ಆ ಮನೆಯಲ್ಲಿ ಜಗಳ, ಅಳು ಎಲ್ಲ ಕನ್ನಡದಲ್ಲಿ ಆದರೆ, ರಾಜಿ ತೆಲುಗಿನಲ್ಲಿ ಎಂದು ಕಾಣುತ್ತದೆ. ಜಾಲರಿ ಬಾಗಿಲು ತೆರೆಯಿತು.

ಕೂತೆವು. ಚಹಾ ಬರಲಿಲ್ಲ, ನಾವು ನಿರೀಕ್ಷಿಸಲೂ ಇಲ್ಲ. ಮಗಳು ಬಂದು ತಾಯಿಯ ಪಕ್ಕ ಕೂತು, ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ತಾಯಿ ಮಾತಾಡಿದಳು.

"ಸೋಮವಾರ ಬರ್ರಿ. ಬಂದ್ರ ಮೂರೂ ಮಂದಿ ಬರ್ರಿ. ಆದ್ರ ಅಣ್ಣಾರ, ದವಾಖಾನಿಯೊಳಗ ಬಾಯಿ ಬಿಟ್ಟು ಪ್ರಾರ್ಥನಾ ಮಾಡಬ್ಯಾಡ್ರಿ. ನನ್ನ ಹೆಸರ ಯಾರ ಬಾಯಾಗೂ ಬರಬಾರದು."

"ಇಲ್ಲ ತಂಗೀ," ಎಂದರು ಅಣ್ಣ. ಅದನ್ನೂ ಪಿಸುದನಿಯಲ್ಲೇ ಹೇಳಿದರು.

ಕೆಳಗಿಳಿದು ಬಂದು, ಬಂಡಿಯ ಹತ್ತಿರ ನಿಂತು ಅಣ್ಣನಿಗೆ ಬಲವಂತದಿಂದ ಬಜ್ಜಿ ತಿನ್ನಿಸಿದೆವು.

ಆ ಸೋಮವಾರ ನಮ್ಮ ತಂಡ ಕೆಲಸ ಮಾಡಿದ ಹಾಗೆ ಯಾವ ತಂಡವೂ ಮಾಡಿರಲಿಕ್ಕಿಲ್ಲ. ನನ್ನದು ಹೆಮ್ಮೆಯ ಮಾತೇ, ಇರಲಿ. ಅಕ್ಕ ಬೆಳಿಗ್ಗೆ ಬೇಗ ಬಂದು, ಆಕೆಯ ಕೂದಲು ಹೆಣೆದು, ಬಳೆ ಬಿಚ್ಚಿಸಿ, ಡಾಕ್ಟರ್ ಹೇಳಿದ ಇಂಗ್ಲಿಷನ್ನೆಲ್ಲ ಮನೆಯ ಮಾತಿನಲ್ಲಿ ತಿಳಿಸಿ, ಸ್ಟ್ರೆಚರಿನ ಪಕ್ಕದಲ್ಲೇ ನಡೆದು ಥಿಯೇಟರಿನ ಬಾಗಿಲವರೆಗೂ ಕೈ ಬಿಡದೆ ಹೋದರು. ನಾನು ಕೌಂಟರಿನಿಂದ ಕೌಂಟರಿಗೆ ತಿರುಗಿದೆ. ಲಿಫ್ಟಿನವನು ಇದು ರೋಗಿಗಳಿಗೆ ಮಾತ್ರ ಎಂದಾಗ, ನನ್ನನ್ನು ಇನ್ನೊಂದು ಸಲ ಮೆಟ್ಟಿಲು ಹತ್ತಿಸಿದರೆ ನಾನೂ ರೋಗಿಯೇ ಎಂದು ತೆಲುಗಿನಲ್ಲಿ ತಿಳಿಸಿ ಹೇಳಿದೆ. ಆಮೇಲೆ ಅವನು ನನ್ನನ್ನು ಕಂಡ ಕೂಡಲೇ ಬಾಗಿಲು ತೆರೆದು ನಿಲ್ಲುತ್ತಿದ್ದ.

ಎಲ್ಲಕ್ಕಿಂತ ಕಷ್ಟದ ಕೆಲಸ ಅಣ್ಣನದು. ಸುಮ್ಮನಿರುವುದು. ಥಿಯೇಟರಿನ ಹೊರಗಿನ ಸಾಲು ಕುರ್ಚಿಯಲ್ಲಿ ಆಕೆಯ ಗಂಡನ ಪಕ್ಕ ಕೂತು, ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದರು. ತುಟಿ ಅಲುಗಿದರೂ ನನಗೆ ಗೊತ್ತಾಗುತ್ತದೆಂದು ನಾನು ಎದುರಿನಿಂದ ಕಾಯುತ್ತಿದ್ದೆ, ಅಲುಗಲಿಲ್ಲ. ಹೊತ್ತು ಹೋದಂತೆ ಆಕೆಯ ಗಂಡನಿಗೆ ತಡೆಯಲಾಗದೆ ಅಳು ಬಂತು. ಬೇರೆ ದಿನವಾಗಿದ್ದರೆ ಅಣ್ಣ ಅವರ ತಲೆಯ ಮೇಲೆ ಕೈ ಇಟ್ಟು ಇಡೀ ಮಹಡಿಗೆ ಕೇಳಿಸುವಂತೆ ಶುರು ಮಾಡುತ್ತಿದ್ದರು. ಅವತ್ತು ಜೇಬಿನಿಂದ ಕರ್ಚೀಫು ತೆಗೆದುಕೊಟ್ಟು, ಅವರ ಬೆನ್ನ ಮೇಲೆ ಕೈ ಇಟ್ಟು ಹಾಗೇ ಕೂತರು.

ಮಗಳಿಗೂ ತಡೆಯಲಾಗಲಿಲ್ಲ. ಅವರ ಹತ್ತಿರ ಬಂದು, "ಅಂಕಲ್, ನೀವು ಸುಮ್ನ ಕುಂತ್ರ ನನಗ ಇನ್ನೂ ಹೆದರಿಕಿ ಆಗಾಕತ್ತೈತಿ. ಪ್ರಾರ್ಥನಾ ಮಾಡ್ರಿ, ಮಮ್ಮಿಗೇನ ಗೊತ್ತಾಗತೈತಿ?" ಎಂದಳು.

ಅಣ್ಣ ಆ ಹುಡುಗಿಯ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. ಬಾಗಿಲ ಕಡೆ ಬೆರಳು ತೋರಿಸಿ, "ಆಕಿಗೆ ಮಾತು ಕೊಟ್ಟೀನವ್ವಾ" ಎಂದರು. ಪಕ್ಕದ ಕುರ್ಚಿಯನ್ನು ಕೈಯಿಂದ ಒರೆಸಿದರು. ಅವಳು ಕೂತಳು. ಒಳಗೆ ಹೋದ ತಾಯಿ ಹೊರಗೆ ಬರುವವರೆಗೂ ಇಬ್ಬರೂ ಒಂದು ಮಾತಿಲ್ಲದೆ ಹಾಗೇ ಕೂತಿದ್ದರು. ಅಣ್ಣ ಮಾಡಿದ ಎಷ್ಟೋ ಪ್ರಾರ್ಥನೆಗಳನ್ನು ಕೇಳಿದ್ದೇನೆ, ಮುಗಿದರೆ ಸಾಕಪ್ಪಾ ಎಂದುಕೊಂಡಿದ್ದೇನೆ. ಅವರು ಮಾಡದ ಆ ಒಂದು ಪ್ರಾರ್ಥನೆಗೆ ಮಾತ್ರ ನಾನು ಮನಸಾರೆ ಆಮೆನ್ ಎಂದೆ.

ಆಪರೇಷನ್ ಚೆನ್ನಾಗಿ ಆಯಿತು. ಆಮೇಲಿನ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ಕೂದಲು ಉದುರಿತು, ಬಾಯಿ ರುಚಿ ಹೋಯಿತು, ಸಿಟ್ಟು ಮಾತ್ರ ಮೊದಲಿಗಿಂತ ಜಾಸ್ತಿಯಾಯಿತು. ಅಕ್ಕ ಸರದಿ ಹಾಕಿದರು, ನಾವು ಹೋಗುತ್ತಿದ್ದೆವು. ಅಣ್ಣ ಹಾರ್ಮೋನಿಯಂ ಇಲ್ಲದೆ ಬಂದು, ತರಕಾರಿ ಇಟ್ಟು, ಸುಮ್ಮನೆ 'ಹ್ಯಾಂಗದೀರಿ' ಎಂದು ಕೇಳಿ ಹೋಗುತ್ತಿದ್ದರು. ಮಗಳು ಎಂಟ್ರೆನ್ಸ್ ಬರೆದಳು, ಸೀಟು ಸಿಗಲಿಲ್ಲ, ಮತ್ತೆ ಕೋಚಿಂಗಿಗೆ ಸೇರಿದಳು. ಅದಕ್ಕೂ ಕೆಲವರು ಆ ಭಾನುವಾರದ ಪ್ರಾರ್ಥನೆಯೇ ಕಾರಣ ಎಂದರು. ಅವಳ ಅಂಕಗಳನ್ನು ನಾನು ಮೊದಲಿಂದ ಬಲ್ಲೆ. ಕಾರಣ ಫಿಸಿಕ್ಸ್.

ಕೂದಲು ಮತ್ತೆ ಬೆರಳಗಲ ಬಂದಿದ್ದಾಗ ಒಂದು ಶನಿವಾರ ನಾವು ಮೂವರೂ ಅವರ ಮನೆಯಲ್ಲಿದ್ದೆವು. ಆಕೆ ಅಣ್ಣನ ಎದುರು ಬಂದು ಕೂತು, "ಒಂದು ಹಾಡು ಹೇಳ್ರಿ" ಎಂದಿದ್ದಳು. ಅಣ್ಣ ಹಾರ್ಮೋನಿಯಂ ಇಲ್ಲದೆಯೇ ಹಾಡಿ ಮುಗಿಸಿ, ಆಕೆಯ ಗಂಡ ಮತ್ತು ಅಕ್ಕನ ಜೊತೆ ಹಾಲ್‌ನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನೂ ಆಕೆಯೂ ಅಡುಗೆಮನೆಯ ಕಟ್ಟೆಯ ಹತ್ತಿರ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆವು. ಆಕೆ ತಲೆ ಎತ್ತದೆಯೇ ಹೇಳಿದಳು.

"ಟೀಚರಮ್ಮಾರ, ಆವತ್ತು ನೀವು ಹೇಳಿದ್ದಲ್ಲಂತ ನನಗ ಗೊತ್ತಿತ್ತು."

ನಾನು ಕೈ ನಿಲ್ಲಿಸಿದೆ.

"ಆ ಐತವಾರ, ಪ್ರಾರ್ಥನಾ ಆದ ದಿನಾ, ಸಂಜೀಕನ ಅಕ್ಕಾರು ಫೋನ್ ಮಾಡಿದ್ರು. ಅಣ್ಣಾಗ ನಾನ ಹೇಳೀನಿ, ಮಗಳಿಗೆ ಗೊತ್ತಿಲ್ಲ ಅನ್ನೂದು ಹೇಳೂದು ಬಿಟ್ಟೆ, ತಪ್ಪು ನಂದು ಅಂದ್ರು. ನಾ ಏನೂ ಮಾತಾಡದ ಫೋನ್ ಇಟ್ಟೆ."

ಅಕ್ಕ ನಮಗೆ ಇದನ್ನು ಹೇಳಿಯೇ ಇರಲಿಲ್ಲ. ಜಾಲರಿಯ ಮುಂದೆ ಅವರು ಉಸಿರೆಳೆದುಕೊಂಡದ್ದು, ಎರಡನೆಯ ಸಲ ಅದೇ ಮಾತು ಒಪ್ಪಿಕೊಳ್ಳಲು.

"ಮತ್ತ ಗೊತ್ತಿದ್ದೂ ಗೊತ್ತಿದ್ದೂ ನನ್ನ ಯಾಕ ಕೇಳಿದ್ರಿ?" ನನಗೆ ಸಿಟ್ಟು ಏರುತ್ತಿತ್ತು. "ಜೀವಾ ಹೋದಂಗ ಆಗಿತ್ತು ನನಗ!"

"ನೋಡೂಣಂತ ಕೇಳಿದೆ," ಎಂದಳು ಆಕೆ. ಬಿಡಿಸಿದ ಸೊಪ್ಪನ್ನು ಒಂದು ಕಡೆ ಸರಿಸಿದಳು. "ನೀವು ಅಕ್ಕಾರ ಕಡೆ ಬೊಟ್ಟು ಮಾಡಿದ್ರ ಬಾಗಲಾ ಹಾಕಿಬಿಡ್ತಿದ್ದೆ. ಆಪರೇಷನ್ನೂ ಇಲ್ಲ, ಏನೂ ಇಲ್ಲ. ನೀವು ಅವರ ಹೆಸರ ಹೇಳಲಿಲ್ಲ. ತಪ್ಪು ಮಾಡಿದಾಗೂ ಅವರನ್ನ ಬಿಟ್ಟುಕೊಡಲಿಲ್ಲ ನೀವು. ಹಂಗಾದ್ರ ಆ ಟೇಬಲ್ ಮ್ಯಾಲೆ ಮಲಗಿದಾಗ ನನ್ನನ್ನೂ ಬಿಟ್ಟುಕೊಡಾಂಗಿಲ್ಲ ಅನಿಸ್ತು. ಅದಕ್ಕ ಬಂದೆ."

ಮೆಂತ್ಯೆ ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಹಾಲ್‌ನಿಂದ ಅಕ್ಕ ಕೂಗಿದರು, "ಹೊತ್ತಾತು, ಏಳ್ರಿ, ಇನ್ನೊಂದು ಮನಿಗೆ ಹೋಗೂದೈತಿ." ಹತ್ತಿರದಲ್ಲೇ ಒಬ್ಬ ಹೆಂಗಸಿಗೆ ಅದೇ ಕಾಯಿಲೆಯ ಚಿಕಿತ್ಸೆ ಶುರುವಾಗಿತ್ತು, ಅವಳನ್ನು ನೋಡಬೇಕಿತ್ತು.

"ನಾನೂ ಬರಲೇನ್ರಿ?" ಎಂದಳು ಆಕೆ.

"ಬರ್ರಿ," ಎಂದೆ.

ಆಕೆ ಒಳಗೆ ಹೋಗಿ ಸೀರೆ ಬದಲಿಸಿ ಬರುವವರೆಗೆ ನಾವು ಮೂವರೂ ಬಾಗಿಲ ಹೊರಗೆ ನಿಂತು ಕಾದೆವು.